ಮೂರನೇ ಸಾಲಿನ ಬಾಡಿಗೆದಾರ

ಪೆಂಟ್ಟಿ ಸತ್ತದ್ದು ಬುಧವಾರ. ಬುಧವಾರ ಜೋಮ್ಟಿಯೆನ್ ಕಡಲದಂಡೆಯ ಮೇಲೆ ಯಾರೂ ಬಾಡಿಗೆ ಕುರ್ಚಿ ಹಾಕುವಂತಿಲ್ಲ. ಅದು ನಗರಸಭೆಯವರು ಮರಳು ಗುಡಿಸುವ ದಿನ. ಹಾಗಾಗಿ ನಾನು ಮನೆಯಲ್ಲಿದ್ದೆ. ವಾರದ ಬೇರೆ ಯಾವ ದಿನ ಸತ್ತಿದ್ದರೂ ನಾನು ಛತ್ರಿಯ ಕೆಳಗೆ ಮಲಗಿದ ಯಾವನೋ ಫರಂಗಿಗೆ ಎಳನೀರು ಕೆತ್ತಿಕೊಡುತ್ತಿದ್ದೆ. ಸಾಯುವುದರಲ್ಲೂ ಮುದುಕ ನನ್ನ ವ್ಯಾಪಾರ ಕೆಡಿಸಲಿಲ್ಲ ಎಂದರೆ ಜನ ನನ್ನನ್ನು ಕಲ್ಲುಮನಸ್ಸಿನವನು ಅಂದುಕೊಳ್ಳುತ್ತಾರೆ. ಅಂದುಕೊಳ್ಳಲಿ.

ಬೆಳಗ್ಗೆ ಪೆಂಟ್ಟಿ ಹಿತ್ತಿಲಲ್ಲಿ ಕೂತು ಮುರಿದ ಕುರ್ಚಿಯ ಕಾಲಿಗೆ ಉಜ್ಜುಗೊರಡು ಹಾಕುತ್ತಿದ್ದ. “ಓನರ್ರೇ, ಸ್ವಲ್ಪ ನೀರು,” ಅಂದ.

ನಾನು ಅಡುಗೆಮನೆಯಿಂದಲೇ ಕೂಗಿದೆ. “ಬಾಡಿಗೆದಾರರಿಗೆ ಕಾಲಿಲ್ವಾ? ಎದ್ದು ಬಂದು ಕುಡೀರಿ.”

ಇದು ನಮ್ಮ ದಿನನಿತ್ಯದ ತಮಾಷೆ. ಯಾವಾಗಲೂ “ಹಾಗಾದ್ರೆ ಮನೆ ಖಾಲಿ ಮಾಡ್ತೀನಿ” ಎಂದು ತಿರುಗಿ ಕೂಗುತ್ತಿದ್ದ. ಅವತ್ತು ಉತ್ತರ ಬರಲಿಲ್ಲ. ಅನ್ನಕ್ಕಿಟ್ಟ ಪಾತ್ರೆ ಇಳಿಸಿ, ನಿಧಾನವಾಗಿ ನೀರು ತುಂಬಿಸಿಕೊಂಡು ಹೋದೆ. ಪೆಂಟ್ಟಿ ಮರದ ಹೊಟ್ಟಿನ ಮೇಲೆ ಮಗ್ಗುಲಾಗಿ ಬಿದ್ದಿದ್ದ. ಕೋಳಿ ಸುಟ್ಟು ಮಾರುವ ಮಲಿವನ್ ಅಕ್ಕನ ಪಿಕಪ್ ಗಾಡಿಯಲ್ಲಿ ಆಸ್ಪತ್ರೆಗೆ ಹೊತ್ತುಕೊಂಡು ಹೋದೆವು. ಮಧ್ಯಾಹ್ನದ ಹೊತ್ತಿಗೆ ಮುಗಿಯಿತು.

ಆಸ್ಪತ್ರೆಯ ಕಿಟಕಿಯ ಹಿಂದೆ ಕೂತಿದ್ದ ಹುಡುಗಿ ಒಳ್ಳೆಯವಳೇ. “ನೀವು ಅವರಿಗೆ ಏನಾಗ್ಬೇಕು ಮಾವಾ?” ಎಂದು ಮೆತ್ತಗೆ ಕೇಳಿದಳು.

“ಜೊತೆಗಿರೋನು.”

“ಜೊತೆಗೆ ಅಂದ್ರೆ? ಮದ್ವೆ ಕಾಗದ ಇದ್ಯಾ? ಈಗ ಗಂಡಸರಿಬ್ರು ಮದ್ವೆ ಆಗೋಕೂ ಕಾನೂನು ಬಂದಿದೆಯಲ್ಲ.”

ನಾನು ತಲೆ ತಗ್ಗಿಸಿದೆ. ಅವಳು ನಾನು ತಂದಿದ್ದ ಪ್ಲಾಸ್ಟಿಕ್ ಚೀಲದ ಕಾಗದಗಳನ್ನು ಒಂದೊಂದಾಗಿ ತಿರುವಿ, ಕೊನೆಗೆ ಕೆಂಪು ಮೊಹರಿನ ಒಂದನ್ನು ಎತ್ತಿಕೊಂಡಳು. “ಓ, ನೀವು ಮನೆ ಓನರ್ರಾ,” ಎಂದು ಹಾಗೆಯೇ ಬರೆದುಕೊಂಡಳು. ಸಂಬಂಧಿಕರು ರಾಯಭಾರ ಕಚೇರಿಯ ಮೂಲಕ ಒಪ್ಪಿಗೆ ಕಳಿಸುವವರೆಗೆ ದೇಹ ತಣ್ಣನೆಯ ಪೆಟ್ಟಿಗೆಯಲ್ಲಿರುತ್ತದೆ, ಓನರ್‌ಗೆ ಕೊಡಲು ಬರುವುದಿಲ್ಲ ಎಂದಳು.

ಆ ಕಾಗದ ಮಾಡಿಸಿದ್ದು ಹತ್ತೊಂಬತ್ತು ವರ್ಷಗಳ ಹಿಂದೆ. ಫರಂಗಿಗಳ ಹೆಸರಿಗೆ ಇಲ್ಲಿ ನೆಲ ನೋಂದಣಿಯಾಗುವುದಿಲ್ಲ. ಆದ್ದರಿಂದ ಜಾಗ ನನ್ನ ಹೆಸರಿಗೆ. ಮನೆಯ ಒಂದೊಂದು ತೊಲೆ, ಒಂದೊಂದು ಬಾಗಿಲು ಅವನ ಕೈಯದು. ಬುರಿರಾಮ್ ಊರಿನಲ್ಲಿರುವ ನನ್ನಕ್ಕನ ಗಂಡ ಆಗಲೇ ಆ ಜಾಗದ ಮೇಲೆ ಕಣ್ಣಿಟ್ಟಿದ್ದ. ನಾನು ಆಗ ಬೈಕು ಓಡಿಸುತ್ತಿದ್ದ ರೀತಿಗೆ ನಾನೇ ಮೊದಲು ಹೋಗುತ್ತೇನೆಂದು ಎಲ್ಲರೂ ನಂಬಿದ್ದರು. ವಕೀಲ ನನ್ನ ಕಡೆ ಬೆರಳು ತೋರಿಸಿ ಪೆಂಟ್ಟಿಗೆ ಹೇಳಿದ: “ಮೂವತ್ತು ವರ್ಷಕ್ಕೆ ಬಾಡಿಗೆ ಕರಾರು ಬರೆದುಬಿಡಿ. ನಾಳೆ ಈ ಯೂನ್ ಸತ್ರೂ ನಿಮ್ಮನ್ನ ಯಾವನೂ ಆಚೆ ಹಾಕೋಕಾಗಲ್ಲ.” ಎಲ್ಲರೂ ಮಾಡುವುದು ಅದನ್ನೇ. ಸಹಿ ಹಾಕಿ ಹೊರಗೆ ಬಂದಾಗ ಪೆಂಟ್ಟಿ ನನಗೆ ಸೊಂಟ ಬಗ್ಗಿಸಿ ಕೈಮುಗಿದು “ನಮಸ್ಕಾರ ಓನರ್ರೇ” ಅಂದಿದ್ದ. ಅವನು ಫಿನ್ಲೆಂಡಿನವನು, ದಿನಕ್ಕೆ ಹತ್ತು ಮಾತಾಡಿದರೆ ಹೆಚ್ಚು. ಅವನ ಬಾಯಿಂದ ಬಂದ ಮೊದಲ ತಮಾಷೆ ಅದು. ಆದ್ದರಿಂದ ನಾವು ಅದನ್ನು ಸವೆದು ಹೋಗುವವರೆಗೆ ಬಳಸಿದೆವು.

ಅವನು ಮೊದಲು ಬಂದದ್ದೂ ಬಾಡಿಗೆಗೇ. ಮೂರನೇ ಸಾಲಿನ ಐದನೇ ಕುರ್ಚಿ. ಆ ದಂಡೆಗೆ ಬರುವ ಗಂಡಸರೆಲ್ಲ ಒಂದೇ ಜಾತಿ, ಹಾಡು, ಹರಟೆ, ಹೂವಿನ ಅಂಗಿ. ಇವನು ಮೂರು ವಾರ ತುಟಿ ಬಿಚ್ಚದೆ ಕಡಲು ನೋಡುತ್ತ ಕೂತಿದ್ದ. ನಾಲ್ಕನೇ ವಾರ “ಈ ಕುರ್ಚಿ ಕುಂಟುತ್ತೆ” ಅಂದ. ಮರುದಿನ ಚೀಲದಲ್ಲಿ ಉಳಿ ಸುತ್ತಿಗೆ ತಂದ. ಊರಿನಲ್ಲಿ ಹಡಗು ಕಟ್ಟುವ ಕಡೆ ಬಡಗಿಯಾಗಿದ್ದನಂತೆ. ಆ ವರ್ಷ ನನ್ನ ಅರವತ್ತು ಕುರ್ಚಿಗಳಲ್ಲಿ ಒಂದೂ ಕುಂಟಲಿಲ್ಲ, ಅವನೂ ವಾಪಸು ಹೋಗಲಿಲ್ಲ. ಹೀಗೆ ಇಪ್ಪತ್ತೊಂದು ವರ್ಷ.

ಮದುವೆಯ ಮಾತೆತ್ತಿದ್ದು ಅವನೇ. ಕಾನೂನು ಬಂದ ಮರುತಿಂಗಳು ರಾಯಭಾರ ಕಚೇರಿಗೆ ಒಬ್ಬನೇ ಹೋಗಿ, ತನಗೆ ಸದ್ಯ ಯಾರೊಂದಿಗೂ ಮದುವೆಯಿಲ್ಲ ಎಂಬ ಪತ್ರ ತಂದು ಊಟದ ಮೇಜಿನ ಮೇಲಿಟ್ಟ. ಎಪ್ಪತ್ತಾರು ವರ್ಷದವನ ಕಿವಿ ಕೆಂಪಾಗಿತ್ತು.

“ಸೀಸನ್ ಮುಗೀಲಿ ಅಜ್ಜಾ,” ಅಂದೆ ನಾನು. “ಕುರ್ಚಿ ಬಿಟ್ಟು ಎಲ್ಲಿಗೆ ಬರ್ಲಿ?”

ಸೀಸನ್ ಮುಗಿಯಿತು. ಏಪ್ರಿಲ್ಲಿನಲ್ಲಿ ಬರುವ ನಮ್ಮ ಹೊಸ ವರ್ಷದ ನೀರಾಟ ಕಳೆಯಲಿ ಅಂದೆ. ಆಮೇಲೆ ಮಳೆ ನಿಲ್ಲಲಿ ಅಂದೆ. ನಿಜ ಹೇಳಬೇಕೆಂದರೆ ನನಗೆ ಭಯ. ಇಪ್ಪತ್ತೊಂದು ವರ್ಷ ಸುಮ್ಮನಿದ್ದವನು ಮುದುಕ ಸಾಯುವ ಕಾಲಕ್ಕೆ ಮದುವೆಯಾದ ಎಂದು ದಂಡೆಯವರು ಆಡಿಕೊಳ್ಳುತ್ತಾರಲ್ಲ ಎಂದು. ಜನರ ಬಾಯಿಗೆ ಹೆದರಿದೆ. ಆ ಪತ್ರದ ಅವಧಿ ಮೇಜಿನ ಮೇಲೆಯೇ ಮುಗಿದುಹೋಯಿತು. ಪೆಂಟ್ಟಿ ಮತ್ತೆ ಕೇಳಲಿಲ್ಲ.

ಆರನೇ ದಿನವೂ ನಾನು ಆಸ್ಪತ್ರೆಯ ವರಾಂಡದಲ್ಲೇ ಇದ್ದೆ. ಒಳಗೆ ಬಿಡುವುದಿಲ್ಲ, ಗೊತ್ತು. ಆದರೂ ಆ ಗೋಡೆಯಾಚೆ ಅವನಿದ್ದಾನೆ, ಅವನಿಗೆ ಚಳಿ ಎಂದರೆ ಆಗುತ್ತಿರಲಿಲ್ಲ. ಚಳಿಗೆ ಬೇಸತ್ತೇ ದೇಶ ಬಿಟ್ಟು ಬಂದವನು. ಮಲಿವನ್ ಅಕ್ಕ ಅನ್ನ, ಕೋಳಿ ಕಟ್ಟಿಕೊಂಡು ಬಂದು ಬೈದಳು. “ನೀನೂ ಮಲಕ್ಕೊಂಡ್ರೆ ನಿನ್ನ ಬಿಡಿಸ್ಕೊಳೋಕೆ ಯಾರ್ನ ಕರೀಲಿ? ತಿನ್ನು.” ಅಷ್ಟರಲ್ಲಿ ಫೋನು ಬಂತು.

ರಾಯಭಾರ ಕಚೇರಿಯ ಹೆಂಗಸು, ನಮ್ಮವಳೇ, ಬಹಳ ಮರ್ಯಾದೆಯ ದನಿ. “ಪ್ರಯೂನ್ ಅವರಾ? ಪೆಂಟ್ಟಿ ಅವರ ಮಗಳು ಸಿಕ್ಕಿದ್ರು. ದೇಹ ನಿಮಗೇ ಬಿಟ್ಟುಕೊಡೋಕೆ ಅಡ್ಡಿ ಇಲ್ಲ ಅಂತಿದಾರೆ. ಆದ್ರೆ ಸಹಿ ಹಾಕೋ ಮುಂಚೆ ಒಂದು ವಿಷಯ ಕೇಳಿದಾರೆ. ನೀವು ಮನೆ ಓನರ್ ಅಲ್ವಾ, ನಿಮಗೆ ಗೊತ್ತಿರುತ್ತೆ ಅಂತ. ಅವರಪ್ಪನ ಜೊತೆ ಯಾರಾದ್ರೂ ಇದ್ರಾ, ಇಲ್ಲಾ ಒಬ್ರೇ ಇದ್ರಾ? ಬರೆದು, ಸಹಿ ಮಾಡಿ ಕಳಿಸ್ತೀರಾ?”

ಆ ಮಗಳ ಹೆಸರು ಕಾತ್ರಿ. ಅಪ್ಪ ಗಂಡಸರ ಸಹವಾಸಕ್ಕೆ ಮನೆ ಬಿಟ್ಟನೆಂದು ಇಪ್ಪತ್ತೈದು ವರ್ಷದಿಂದ ಮಾತು ಬಿಟ್ಟಿದ್ದಳು. ತನ್ನ ಮದುವೆಗೂ ಕರೆದಿರಲಿಲ್ಲ. ಪೆಂಟ್ಟಿ ಒಮ್ಮೆ ನನಗೆ ಹೇಳಿದ್ದ: “ನಾನು ಸತ್ತಾಗ ಇಲ್ಲೊಬ್ಬ ಗಂಡಸಿದ್ದ ಅಂತ ಅವಳಿಗೆ ಗೊತ್ತಾದ್ರೆ ನನ್ನ ಪೆಟ್ಟಿಗೇಲೇ ಕೊಳೆಯೋಕೆ ಬಿಡ್ತಾಳೆ.” ಅದು ನನ್ನ ಕಿವಿಯಲ್ಲಿ ಕೂತಿತ್ತು. ಅದಲ್ಲದೆ ನಮ್ಮ ಕಡೆ ಕೇಳಿದವರ ಮನಸ್ಸಿಗೆ ನೋವಾಗದ ಉತ್ತರ ಕೊಡುವುದು ಮರ್ಯಾದೆ. ದಾರಿ ಕೇಳಿದವನಿಗೆ, ನಮಗೆ ದಾರಿ ಗೊತ್ತಿಲ್ಲದಿದ್ದರೂ ಯಾವುದಾದರೊಂದು ದಿಕ್ಕು ತೋರಿಸಿಯೇ ಕಳಿಸುತ್ತೇವೆ. ದುಃಖದಲ್ಲಿರುವ ಮಗಳಿಗೆ ಅವಳು ಕೇಳಬಯಸುವುದನ್ನೇ ಹೇಳಿದರೆ ಏನು ತಪ್ಪು?

ವರಾಂಡದ ಬೆಂಚಿನ ಮೇಲೆ ಬರೆದೆ. ನಿಮ್ಮ ತಂದೆಯವರು ಒಬ್ಬರೇ ಇದ್ದರು. ಅವರನ್ನು ನೋಡಲು ಯಾರೂ ಬರುತ್ತಿರಲಿಲ್ಲ. ಒಳ್ಳೆಯ ಬಾಡಿಗೆದಾರರಾಗಿದ್ದರು. ಕೆಳಗೆ ಸಹಿ, ಮನೆಯ ಮಾಲೀಕ ಪ್ರಯೂನ್. ಮಲಿವನ್ ಅಕ್ಕ ಭುಜದ ಮೇಲಿಂದ ಓದಿದಳು. ಕೋಳಿಯ ಪೊಟ್ಟಣ ಮಡಚಿದಳು.

ಮಾರನೆಯ ದಿನವೇ ದೇಹ ಸಿಕ್ಕಿತು. ಗೆದ್ದೆ ಎಂದುಕೊಂಡೆ, ಆ ಕ್ಷಣಕ್ಕೆ ನಿಜವಾಗಿಯೂ ಖುಷಿಯಾಯಿತು. ಅವನ ಒಂದೇ ಒಂದು ಇಸ್ತ್ರಿ ಅಂಗಿ ತೊಡಿಸಿದೆ. ಕಿವಿಯ ಹಿಂದೆ ಸಿಕ್ಕಿದ್ದ ಮರದ ಹೊಟ್ಟು ಒರೆಸಿದೆ. ದೇವಾಲಯದ ಮಂಟಪಕ್ಕೆ ತಂದಾಗ ಹೊರಗಿನ ಕಪ್ಪು ಹಲಗೆಯ ಮೇಲೆ ಹೆಸರು ಬರೆಯುವವನು ಆಸ್ಪತ್ರೆಯ ಕಾಗದ ನೋಡಿಕೊಂಡು ಆಗಲೇ ಬರೆದಿದ್ದ. ಸತ್ತವರು, ಪೆಂಟ್ಟಿ. ಕರ್ಮ ಮಾಡುವವರು ಎಂಬಲ್ಲಿ ಹೆಂಡತಿ, ಮಕ್ಕಳು, ಮೊಮ್ಮಕ್ಕಳು ಎಂದು ಸಾಲಾಗಿ ಬರುವ ಜಾಗದಲ್ಲಿ, ಮನೆ ಓನರ್. ದಂಡೆಯ ಫರಂಗಿಗಳೆಲ್ಲ ಹೂವಿನ ಅಂಗಿ ಬಿಟ್ಟು ಕಪ್ಪು ತೊಟ್ಟು ಬಂದಿದ್ದರು. ಯಾರೂ ನಗಲಿಲ್ಲ.

ಎರಡನೇ ಸಂಜೆ ಭಿಕ್ಷುಗಳ ಪಠಣ ಮುಗಿದ ಮೇಲೆ ನನ್ನ ಫೋನಿಗೆ ಕಾತ್ರಿಯ ಪತ್ರ ಬಂತು. ನನ್ನ ಇಂಗ್ಲಿಷು ಬಿಯರು, ಬಿಲ್ಲು, ಬಿಸಿಲು, ಇಷ್ಟಕ್ಕೆ ಸಾಕು. ರಾಡ್ನಿಯ ಕೈಗೆ ಕೊಟ್ಟೆ. ರಾಡ್ನಿ ಎರಡನೇ ಸಾಲಿನ ಇಂಗ್ಲೆಂಡಿನವನು, ಮೂವತ್ತು ವರ್ಷದಿಂದ ಇಲ್ಲೇ ಬಿದ್ದಿರುವವನು, ನಮ್ಮ ಭಾಷೆಯನ್ನು ನಮ್ಮ ಬೈಗುಳದ ಸಮೇತ ಕಲಿತವನು. ಕನ್ನಡಕ ಏರಿಸಿ ಓದಿ ಹೇಳತೊಡಗಿದ.

“‘ಓನರ್ ಅವರೇ, ನಿಜ ಹೇಳಿದ್ದಕ್ಕೆ ಥ್ಯಾಂಕ್ಸ್. ನನಗೆ ಬೇರೆ ಆಸೆ ಇತ್ತು. ಅಲ್ಲಿ ಅಪ್ಪನ ಜೊತೆ ಯಾರೋ ಒಬ್ರು ಇದ್ದಾರೆ ಅಂತ ಅಂದ್ಕೊಂಡು ನಾನು ಇಷ್ಟು ವರ್ಷ ಸಮಾಧಾನ ಮಾಡ್ಕೊಂಡಿದ್ದೆ. ಹಾಗೆ ಯಾರಾದ್ರೂ ಇದ್ದಿದ್ರೆ ಅಪ್ಪನ್ನ ಅವರ ಹತ್ರಾನೇ ಬಿಟ್ಟುಬಿಡಿ ಅಂತ ಬರೀತಿದ್ದೆ...’”

ರಾಡ್ನಿ ನಿಲ್ಲಿಸಿದ. “ಓದು,” ಅಂದೆ.

“‘ಯಾರೂ ಇಲ್ಲ ಅಂದ್ಮೇಲೆ ಅಲ್ಲಿ ಒಬ್ಬರನ್ನೇ ಬಿಡೋಕೆ ಮನಸ್ಸಿಲ್ಲ. ಸುಟ್ಟ ಮೇಲೆ ಅಸ್ಥಿ ಪೂರ್ತಿ ನನಗೆ ಕಳಿಸಿ. ನಮ್ಮಜ್ಜಿ ಪಕ್ಕದಲ್ಲಿ ಜಾಗ ಇದೆ.’”

ರಾಡ್ನಿ ಫೋನು ಕೆಳಗಿಟ್ಟು ನನ್ನ ಮುಖ ನೋಡಿದ. “ಲೋ ಯೂನ್, ನೀನು ಅವಳಿಗೆ ಏನಂತ ಬರೆದಿದ್ಯೋ?”

ಹೇಳಿದೆ. ಅವನು ನಮ್ಮ ಭಾಷೆಯ ಅತಿ ಕೆಟ್ಟ ಬೈಗುಳವನ್ನು ಭಿಕ್ಷುಗಳ ಎದುರಿಗೇ ಬೈದ. “ಕತ್ತೆ! ಈಗ್ಲೇ ಬರಿ. ನಾನು ಹೇಳ್ಕೊಡ್ತೀನಿ, ಬರಿ. ಫೋಟೋ ಕಳ್ಸು.”

ಫೋಟೋ ಎಲ್ಲಿದೆ? ಕ್ಯಾಮೆರಾ ಕಂಡರೆ ಪೆಂಟ್ಟಿ ಎದ್ದು ಹೋಗುತ್ತಿದ್ದ. ಇದ್ದವು ಎರಡೇ. ಎರಡರಲ್ಲೂ ಅವನು ಕುರ್ಚಿಯಲ್ಲಿ ಕೂತಿದ್ದಾನೆ, ನಾನು ಟ್ರೇ ಹಿಡಿದು ಪಕ್ಕದಲ್ಲಿ ನಿಂತಿದ್ದೇನೆ. ಯಾವ ದಂಡೆಯಲ್ಲಾದರೂ ಸಿಗುವ ಗಿರಾಕಿ, ಯಾವ ದಂಡೆಯಲ್ಲಾದರೂ ಸಿಗುವ ಕುರ್ಚಿಯವನು. ಅವನು ಮದುವೆಗೆಂದು ತಂದ ಪತ್ರವನ್ನೂ ಹುಡುಕಿ ತೆಗೆದೆವು. ಈ ಮನುಷ್ಯನಿಗೆ ಯಾರೂ ಇಲ್ಲ ಎಂದೇ ಅದೂ ಹೇಳುತ್ತಿತ್ತು. ಆದರೂ ಎಲ್ಲ ಕಳಿಸಿದೆವು. ರಾಡ್ನಿ ತನ್ನ ಕಡೆಯಿಂದ ಎರಡು ಪುಟ ಬರೆದ.

ಮೂರನೇ ದಿನ ಮಧ್ಯಾಹ್ನ ಸುಟ್ಟೆವು. ಹೆಣದ ಮುಂದೆ ಅವನ ಪಾಸ್‌ಪೋರ್ಟಿನ ಫೋಟೋ ಹಿಡಿದು ಚಿತಾಗಾರವನ್ನು ಮೂರು ಸುತ್ತು ಬಂದವನು ನಾನು. ಗಂಧದ ಹೂವು ಕೊನೆಯಲ್ಲಿ ಇಟ್ಟವನೂ ನಾನೇ. ಹೊಗೆ ಕಡಲಿನ ಕಡೆಗೆ ಹೋಯಿತು. ನಾನು ಅಳಲಿಲ್ಲ, ಫೋನು ನೋಡುತ್ತಿದ್ದೆ. ಅದಕ್ಕಾಗಿ ನನ್ನನ್ನು ನಾನು ಇವತ್ತಿಗೂ ಕ್ಷಮಿಸಿಲ್ಲ.

ಉತ್ತರ ಬಂದದ್ದು ಮರುದಿನ ಬೆಳಗ್ಗೆ, ಬೂದಿಯೊಳಗಿಂದ ಮೂಳೆ ಆರಿಸುವಾಗ. ನಾಲ್ಕೇ ಸಾಲು.

“‘ಪ್ರಯೂನ್ ಅವರೇ, ನೀವು ಸಹಿ ಹಾಕಿದ್ದನ್ನ ನಂಬ್ಲಾ, ಆಮೇಲೆ ಬರೆದಿದ್ದನ್ನ ನಂಬ್ಲಾ? ಆಸ್ಪತ್ರೆ ಕಾಗದಗಳ ಜೊತೆ ಬಾಡಿಗೆ ಕರಾರು ನನ್ನ ಹತ್ರಾನೂ ಬಂದಿದೆ. ಜೊತೆಗೇ ಬಾಳೋರು ಯಾರೂ ಹೀಗೆ ಕಾಗದ ಮಾಡ್ಕೊಳಲ್ಲ. ದಯವಿಟ್ಟು ನಮ್ಮಪ್ಪನ್ನ ಕಳಿಸ್ಕೊಡಿ.’” ರಾಡ್ನಿ ಇಷ್ಟು ಓದಿ ಅತ್ತುಬಿಟ್ಟ. ಎಪ್ಪತ್ತು ದಾಟಿದ ಗಂಡಸು ಹಾಗೆ ಅಳುವುದನ್ನು ನಾನು ನೋಡಿರಲಿಲ್ಲ.

ಅವಳ ಮೇಲೆ ನನಗೆ ಸಿಟ್ಟಿಲ್ಲ. ಅವಳ ಜಾಗದಲ್ಲಿ ನಾನಿದ್ದರೂ ನಂಬುತ್ತಿರಲಿಲ್ಲ. ಅವಳು ಕೇಳಿದ್ದು ಒಂದೇ ಪ್ರಶ್ನೆ, ಇಪ್ಪತ್ತೊಂದು ವರ್ಷದಲ್ಲಿ ನನ್ನನ್ನು ಯಾರೂ ಕೇಳದಿದ್ದ ಪ್ರಶ್ನೆ. ನಾನು ಇಲ್ಲ ಅಂದೆ.

ಮಲಿವನ್ ಅಕ್ಕ ನನ್ನ ಪಕ್ಕ ಕುಕ್ಕರಿಸಿ, ಬೆರಳಿನಷ್ಟು ಉದ್ದದ ಒಂದು ಮೂಳೆಯನ್ನು ಕರವಸ್ತ್ರದಲ್ಲಿ ಸುತ್ತಿ ನನ್ನ ಜೇಬಿಗೆ ತುರುಕಲು ನೋಡಿದಳು. “ಒಂದಿಟ್ಕೊಳೋ. ಅವಳೇನು ಎಣಿಸ್ತಾಳಾ?”

“ಬೇಡಕ್ಕ. ಸುಳ್ಳ ಅನ್ನಿಸ್ಕೊಂಡಿದೀನಿ. ಕಳ್ಳನೂ ಯಾಕಾಗ್ಲಿ?”

“ಥೂ, ನಿನ್ನ ಮರ್ಯಾದೆಗೆ ಬೆಂಕಿ ಬೀಳ,” ಅಂದಳು. ಆದರೂ ಕರವಸ್ತ್ರ ಬಿಚ್ಚಿ ಮೂಳೆಯನ್ನು ಪೆಟ್ಟಿಗೆಗೆ ಹಾಕಿದಳು. ಪೆಟ್ಟಿಗೆಯನ್ನು ನಾನೇ ಮಾಡಿದ್ದೆ, ಅವನ ಉಳಿಯಲ್ಲಿ, ಅವನು ಕೊನೆಗೆ ಉಜ್ಜುತ್ತಿದ್ದ ಮರದಲ್ಲಿ. ಮೂಲೆಗಳು ಸರಿಯಾಗಿ ಕೂಡಲಿಲ್ಲ. ಅವನು ನೋಡಿದ್ದರೆ ಬಿಚ್ಚಿ ಮತ್ತೆ ಮಾಡುತ್ತಿದ್ದ.

ಸಾಗಿಸುವ ಕಚೇರಿಯಲ್ಲಿ ಒಂದು ಅರ್ಜಿ ಕೊಟ್ಟರು. ಕಳಿಸುವವರಿಗೂ ಮೃತರಿಗೂ ಇರುವ ಸಂಬಂಧ ಎಂಬ ಕಡೆ ಪೆನ್ನು ಹಿಡಿದು ಬಹಳ ಹೊತ್ತು ನಿಂತೆ. ಅಲ್ಲಿನವನು “ಬೇಗ ಅಣ್ಣಾ, ಹಿಂದೆ ಜನ ಇದಾರೆ” ಅಂದ. ಎಲ್ಲ ಕಾಗದಗಳಲ್ಲೂ ಒಂದೇ ಇರಬೇಕಲ್ಲ. ಓನರ್ ಎಂದೇ ಬರೆದೆ.

ಇವತ್ತು ಮತ್ತೆ ಬುಧವಾರ. ಕುರ್ಚಿಗಳೆಲ್ಲ ಹಿತ್ತಿಲಲ್ಲಿ ಮಡಚಿ ನಿಂತಿವೆ. ಮೂರನೇ ಸಾಲಿನ ಐದನೆಯದು ಕಾಲಿಲ್ಲದೆ ಗೋಡೆಗೆ ಒರಗಿದೆ. ಪ್ಲಾಸ್ಟಿಕ್ ಚೀಲದಿಂದ ಆ ಕರಾರು ತೆಗೆದು ಮೊದಲ ಬಾರಿಗೆ ಪೂರ್ತಿ ಓದಿದೆ. ಅವಧಿ ಮುಗಿಯಲು ಇನ್ನೂ ಹನ್ನೊಂದು ವರ್ಷ ಇದೆ. ಮನೆ ಖಾಲಿ ಮಾಡು ಎಂದು ನಾನು ಹೇಳಿರಲಿಲ್ಲ.