ಸಾವಿರದ ಒಂದನೇ ಯೂನಿಟ್

ಟೆಕ್ಸಾಸಿನಲ್ಲಿ ಕರೆಂಟನ್ನು ಸಂತೆಯಲ್ಲಿ ಬದನೆಕಾಯಿ ಕೊಂಡ ಹಾಗೆ ಆರಿಸಿ ಕೊಳ್ಳಬೇಕು. ತಂತಿ ಒಂದೇ, ಕಂಬ ಒಂದೇ, ಮಾರುವವರು ಮಾತ್ರ ಹತ್ತಾರು ಮಂದಿ. ಡಲ್ಲಾಸ್, ಹ್ಯೂಸ್ಟನ್ ಕಡೆಯವರಿಗೆಲ್ಲ ಈ ಭಾಗ್ಯ ಉಂಟು. ಆಸ್ಟಿನ್ ಊರೊಳಗಿನವರಿಗೆ ಇಲ್ಲ. ಅಲ್ಲಿ ನಗರಸಭೆ ಕೊಟ್ಟದ್ದೇ ಕರೆಂಟು, ಹೇಳಿದ್ದೇ ದರ. ನಾನಿರುವುದು ಆಸ್ಟಿನ್ನಿನ ಸೆರಗಿಗೆ ಅಂಟಿಕೊಂಡ ರೌಂಡ್ ರಾಕಿನಲ್ಲಿ, ಹಾಗಾಗಿ ನನಗೂ ಬದನೆಕಾಯಿ ಒತ್ತಿ ನೋಡುವ ಕೆಲಸ ತಪ್ಪಿಲ್ಲ.

ವರ್ಷಕ್ಕೊಮ್ಮೆ ಕರಾರು ಮುಗಿಯುತ್ತದೆ. ಮೈಮರೆತರೆ ದರ ದುಪ್ಪಟ್ಟಾಗುತ್ತದೆ. ನಮ್ಮ ಬಳಗದ ಇಪ್ಪತ್ತಮೂರು ಮನೆಗಳಿಗೆ ಅಗ್ಗದ ಪ್ಲಾನ್ ಹುಡುಕಿಕೊಡುವವನು ನಾನು, ದುಷ್ಯಂತ್. ಹುಡುಕುವುದಷ್ಟೇ ಅಲ್ಲ, ಕಂಪನಿಗೆ ಫೋನ್ ಮಾಡುವವನೂ ನಾನೇ, ಅದೂ ಅವರವರ ದನಿಯಲ್ಲಿ. 'ಈ ಕರೆ ರೆಕಾರ್ಡ್ ಆಗುತ್ತಿದೆ, ಒಪ್ಪಿಗೆಯಿದ್ದರೆ ಯೆಸ್ ಅನ್ನಿ' ಎಂದು ಆ ಕಡೆಯವರು ಅಂದರೆ, ಡಲ್ಲಾಸ್ ಪಕ್ಕದ ಕಾಪೆಲ್‌ನ ಉದಯಶಂಕರ ಅಂಕಲ್ ಪರವಾಗಿ ಮೂಗಿನಿಂದ ಒಂದು ಯೆಸ್, ಅವರ ಪಕ್ಕದ ಮನೆಯವರ ಪರವಾಗಿ ನಶ್ಯ ಏರಿಸಿದಂಥ ಇನ್ನೊಂದು ಯೆಸ್. ಕಾಲೇಜಿನಲ್ಲಿ ಪ್ರಿನ್ಸಿಪಾಲರ ದನಿಯಲ್ಲಿ ರಜೆ ಘೋಷಿಸಿದ ಬಾಯಿ ಇದು. ಇಲ್ಲಿಯವರು ಅದನ್ನು ಸಮಾಜಸೇವೆ ಅನ್ನುತ್ತಾರೆ.

"ಒಂದಿನ ಜೈಲಿಗೆ ಹೋಗ್ತೀಯ ನೋಡ್ತಿರು," ಅನ್ನುತ್ತಾಳೆ ಹೆಂಡತಿ ನಿಖಿತಾ. "ಅಲ್ಲಿ ಯಾರ ದನೀಲಿ ಅಳ್ತೀಯೋ."

ನನ್ನ ನಾಲಿಗೆಗೆ ಅತ್ಯಂತ ರುಚಿಸಿದ ದನಿ ಗದಿಗೆಪ್ಪ ಅಂಕಲ್‌ದು. ರೋಣದ ಕಡೆಯವರು. ಹ್ಯೂಸ್ಟನ್ನಿನ ಸೈಪ್ರೆಸ್‌ನಲ್ಲಿ ಟೈಲ್ಸ್ ಅಂಗಡಿ, ಅಂಗಡಿಯಿಂದ ಎರಡು ಮೈಲಿಗೆ ಮನೆ. ಯಾರು ಕೋಣೆಯಿಂದ ಎದ್ದರೂ ಹಿಂದೆಯೇ ಹೋಗಿ ದೀಪ ಆರಿಸುವ ಮನುಷ್ಯ. ಅವರಿಗೆ ನಾನು ಹುಡುಕಿಕೊಟ್ಟಿದ್ದ ಪ್ಲಾನಿನಲ್ಲಿ ಒಂದು ಕೊಕ್ಕೆ ಇತ್ತು. ತಿಂಗಳಿಗೆ ಸಾವಿರ ಯೂನಿಟ್ ಮುಟ್ಟಿದರೆ ಬಿಲ್ಲಿನಲ್ಲಿ ನೂರಿಪ್ಪತ್ತೈದು ಡಾಲರ್ ಮಾಫಿ. ಒಂಬೈನೂರ ತೊಂಬತ್ತೊಂಬತ್ತಕ್ಕೆ ನಿಂತರೆ ಮೂರು ನಾಮ. ಗಂಡ ಹೆಂಡತಿ ಇಬ್ಬರೇ ಇದ್ದ ಆ ಮನೆ ಚಳಿಗಾಲದಲ್ಲಿ ಒಂಬೈನೂರರ ಆಸುಪಾಸಿನಲ್ಲಿ ಏದುಸಿರು ಬಿಡುತ್ತಿತ್ತು. ಹಾಗಾಗಿ ಮೀಟರ್ ಓದುವ ದಿನ ಹತ್ತಿರ ಬಂದಂತೆ, ಜೀವಮಾನವೆಲ್ಲ ದೀಪ ಆರಿಸಿದ ಅಂಕಲ್ ಬಟ್ಟೆ ಒಣಗಿಸುವ ಡ್ರೈಯರನ್ನು ಖಾಲಿ ತಿರುಗಿಸುತ್ತಿದ್ದರು.

"ಮೀಟರಿಗೆ ಉಡಿ ತುಂಬಾಕತ್ತೀನೋ ತಮ್ಮಾ," ಅನ್ನುತ್ತಿದ್ದರು ಫೋನಿನಲ್ಲಿ. "ಬರೇ ಸಾವಿರಕ್ಕ ನಿಲ್ಲಸಬಾರದು. ಮದುವ್ಯಾಗ ಆಯೇರಿ ಮಾಡಿದಂಗ, ಮ್ಯಾಲ ಒಂದು ಇರಬೇಕು."

ಚಳಿಗಾಲದ ಪ್ರತಿ ತಿಂಗಳೂ ಸಾವಿರದ ಒಂದು. ಕರಾರುವಾಕ್ಕು. ಡಿಸೆಂಬರಿನಲ್ಲಿ ಅವರ ಮನೆಯಲ್ಲಿ ರೊಟ್ಟಿ ಊಟ ಮಾಡುತ್ತ, "ನಿಮ್ದು ಸಾವಿರದ ಮನೆ ಅಂಕಲ್, ಎರಡೂ ಅರ್ಥದಲ್ಲಿ," ಅಂದಿದ್ದೆ. ಬಿದ್ದು ಬಿದ್ದು ನಕ್ಕಿದ್ದರು. ಫೆಬ್ರವರಿಯಲ್ಲಿ, ಅಂಗಡಿಯಲ್ಲಿ ಟೈಲ್ಸ್ ಡಬ್ಬ ಎತ್ತುವಾಗ ಕುಸಿದು ಹೋಗಿಬಿಟ್ಟರು.

ಮೇ ತಿಂಗಳಲ್ಲಿ ಆ ಮನೆಯ ಕರಾರು ಮುಗಿಯುವುದಿತ್ತು. ಅವರ ಹೆಂಡತಿ ಸುಮಿತ್ರವ್ವ ಆಂಟಿ ಫೋನ್ ಮಾಡಿದರು.

"ದುಷ್ಯಂತಾ, ನಾ ಒಬ್ಬಾಕಿ ಅದೀನಿ. ಕಡಿಮಿ ಬೀಳೂದು ಯಾವ್ದರೆ ನೋಡಪಾ."

ಪ್ಲಾನುಗಳನ್ನು ಹೋಲಿಸಲು ಹಳೆಯ ಬಳಕೆ ಬೇಕು. ಸ್ಮಾರ್ಟ್ ಮೀಟರು ಹದಿನೈದು ನಿಮಿಷಕ್ಕೊಂದು ಅಂಕಿ ಬರೆದಿಡುತ್ತದೆ. ಅದನ್ನು ಇಳಿಸಿಕೊಂಡು ನೋಡಿದೆ. ಒಂಟಿ ಹೆಂಗಸು, ಹಿತವಾದ ಹವೆ, ಆರುನೂರು ಇರಬೇಕಿತ್ತು. ಮಾರ್ಚ್, ಸಾವಿರದ ಒಂದು. ಏಪ್ರಿಲ್, ಸಾವಿರದ ಒಂದು. ಮೇ, ಸಾವಿರದ ಒಂದು.

ಗೆರೆಗಳನ್ನು ಹಿಗ್ಗಿಸಿ ನೋಡಿದೆ. ತಿಂಗಳ ಮೊದಲ ಮೂರು ವಾರ ಸಣ್ಣಪುಟ್ಟ ದಿಬ್ಬಗಳು, ಬೆಳಗಿನ ಚಹಾ, ಮಧ್ಯಾಹ್ನದ ಅಡುಗೆ. ಮೀಟರ್ ಓದಲು ಎಂಟು ದಿನ ಇರುವಾಗ ದಿಢೀರನೆ ಐದು ಕಿಲೋವ್ಯಾಟಿನ ಗೋಡೆ. ಬೆಳಿಗ್ಗೆ ಎದ್ದ ಗೋಡೆ ಸಂಜೆಗೆ ಇಳಿಯುತ್ತಿತ್ತು, ಮರುದಿನ ಮತ್ತೆ ಏಳುತ್ತಿತ್ತು. ಎಂಟನೆಯ ದಿನ ಸಾವಿರದ ಒಂದಕ್ಕೆ ಮುಟ್ಟಿದ ನಿಮಿಷದಲ್ಲೇ ನೆಲಸಮ.

"ಆಂಟಿ, ಡ್ರೈಯರ್ ಖಾಲಿ ತಿರುಗಿಸ್ತಿದೀರಾ? ಅಂಕಲ್ ಥರ?"

"ನಾ ಯಾಕ ತಿರಗಸಲಿ? ನಾ ಅರಬಿ ಹಿತ್ತಲದಾಗ ಒಣಾ ಹಾಕತೀನಿ."

ದುಃಖದಲ್ಲಿ ಮನುಷ್ಯರು ಏನೇನೋ ಮಾಡುತ್ತಾರೆ, ಮಾಡಿದ್ದನ್ನು ಮರೆಯುತ್ತಾರೆ ಅಂದುಕೊಂಡೆ. ಆದರೆ ಏಪ್ರಿಲಿನ ಆ ಎಂಟು ದಿನ ಅವರು ಕಾಪೆಲ್‌ನಲ್ಲಿ ಮಗಳು ವೈಷ್ಣವಿಯ ಮನೆಯಲ್ಲಿದ್ದರು. ಗೃಹಪ್ರವೇಶದ ಫೋಟೋಗಳಲ್ಲಿ ನನ್ನ ಪಕ್ಕದಲ್ಲೇ ಕೂತು ಹೋಳಿಗೆ ತಿನ್ನುತ್ತಿದ್ದರು. ಸೈಪ್ರೆಸ್ ಮನೆಗೆ ಬೀಗ ಬಿದ್ದಿತ್ತು.

ನನಗೆ ಹೆದರಿಕೆಯಾಯಿತು ಅಂದರೆ ಪೂರ್ತಿ ನಿಜವಲ್ಲ. ಮೊದಲು ಆದದ್ದು ಪೇಚಾಟ. ಆರುನೂರು ಯೂನಿಟ್ಟಿನ ಮನೆಗೆ ಒಂದೇ ದರದ ಪ್ಲಾನ್ ಅಗ್ಗ. ಸಾವಿರದ ಒಂದರ ಮನೆಗೆ ಹಳೆಯ ಮಾಫಿ ಪ್ಲಾನೇ ಅಗ್ಗ. ಆ ಮನೆಯಲ್ಲಿ ಎಷ್ಟು ಜನ ಇದ್ದಾರೆಂದು ತೀರ್ಮಾನಿಸದೆ ನನ್ನ ಪಟ್ಟಿ ಮುಂದೆ ಹೋಗುವಂತಿರಲಿಲ್ಲ.

ಡ್ರೈಯರ್ ಕೆಟ್ಟಿದೆ ಅಂತ ಬರೆದುಕೊಂಡು, ಒಬ್ಬರೇ ಅಂತ ಲೆಕ್ಕ ಹಿಡಿದು, ಒಂದೇ ದರದ ಪ್ಲಾನ್ ಆರಿಸಿದೆ. ಖಾತೆ ಆಂಟಿಯ ಹೆಸರಿಗೆ ಬಂತು. ಅವರಿಗೆ ಇಂಗ್ಲಿಷಿನಲ್ಲಿ ಮಾತಾಡಲು ನಾಚಿಕೆ, ಹಾಗಾಗಿ ಒಪ್ಪಿಗೆಯನ್ನೂ ನಾನೇ ಕೊಟ್ಟೆ. ಸೆರಗು ಬಾಯಿಗೆ ಹಿಡಿದಂಥ ಒಂದು ಸಣ್ಣ 'ಯೆಸ್'. ನಿಖಿತಾ ಇನ್ನೊಂದು ಕೋಣೆಯಿಂದ ಚಪ್ಪಾಳೆ ತಟ್ಟಿದಳು.

ಜೂನಿನ ಬಿಲ್ಲು ಬಂತು. ಡ್ರೈಯರಿನ ಗೋಡೆ ಮಾಯವಾಗಿತ್ತು. ಐನೂರ ನಲವತ್ತು ಯೂನಿಟ್. ನನ್ನ ಬೆನ್ನನ್ನು ನಾನೇ ತಟ್ಟಿಕೊಂಡೆ.

ಜುಲೈಯಲ್ಲಿ ಇನ್ನೂರ ಹತ್ತು.

ಹ್ಯೂಸ್ಟನ್ನಿನ ಜುಲೈಯಲ್ಲಿ ಇನ್ನೂರ ಹತ್ತು ಯೂನಿಟ್ಟಿಗೆ ಬೆಕ್ಕನ್ನೂ ಸಾಕಲಾಗುವುದಿಲ್ಲ. ಎ.ಸಿ. ಒಂದಕ್ಕೇ ಅದರ ನಾಲ್ಕು ಪಾಲು ಬೇಕು. ಫೋನ್ ಎತ್ತಿಕೊಳ್ಳುವಷ್ಟರಲ್ಲಿ ಕಾಪೆಲ್‌ನಿಂದ ವೈಷ್ಣವಿಯ ಕರೆ ಬಂತು.

"ದುಷ್ಯಂತ್, ಅಮ್ಮ ಸೆಕಿಗೆ ಎಚ್ಚರ ತಪ್ಪಿ ಬಿದ್ದಿದ್ಲು. ನಿನ್ನೆ ಆಸ್ಪತ್ರಿಂದ ಸೈಪ್ರೆಸ್ ಮನಿಗೆ ಬಿಟ್ಟು ಬಂದೆ. ಎ.ಸಿ. ರಿಪೇರಿಯವ್ರು ಎರಡು ಸಲ ನೋಡಿದ್ರು, ಏನೂ ಕೆಟ್ಟಿಲ್ಲ ಅಂತಾರ. ನನ್ನ ಜೋಡಿ ಬಾ ಅಂದ್ರ ಒಲ್ಲೆ ಅಂತಾಳ. ಡಾಕ್ಟರ್ ಇನ್ನೊಮ್ಮೆ ಹಿಂಗಾದ್ರ ಕಷ್ಟ ಅಂದಾರ. ನಿನ್ನ ಮಾತು ಕೇಳ್ತಾಳ, ಒಂದ್ಸಲ ಹೋಗಿ ಬರ್ತೀಯಾ?"

ಮರುದಿನ ಮಧ್ಯಾಹ್ನ ಎರಡಕ್ಕೆ ಸೈಪ್ರೆಸ್ ಸೇರಿದೆ. ಬಾಗಿಲು ತೆರೆದಾಗ ಒಲೆಯ ಬಾಯಿ ತೆರೆದ ಹಾಗಾಯಿತು. ಆಂಟಿ ಅಡುಗೆಮನೆಯ ಮೇಜಿನ ಬಳಿ ಬೀಸಣಿಗೆ ಹಿಡಿದು ಕೂತಿದ್ದರು. ಮುಖ ಕೆಂಪೇರಿತ್ತು, ಮಣಿಕಟ್ಟಿನಲ್ಲಿ ಆಸ್ಪತ್ರೆಯ ಪಟ್ಟಿ ಹಾಗೇ ಇತ್ತು. ನಡುಮನೆಯ ಗೋಡೆಯ ಮೇಲೆ ಎ.ಸಿ.ಯ ಥರ್ಮೋಸ್ಟ್ಯಾಟ್ ತೊಂಬತ್ತೊಂದು ಡಿಗ್ರಿ ಫ್ಯಾರನ್‌ಹೀಟ್ ತೋರಿಸುತ್ತಿತ್ತು.

"ಎ.ಸಿ. ಹಾಕ್ಕೊಳ್ಳೋಕೆ ಏನು ಆಂಟಿ?"

"ಹಚ್ಚತೀನಿ. ಆರತೈತಿ."

ಹೋಗಿ ಗುಂಡಿ ತಿರುಗಿಸಿದೆ. ತಂಪು ಗಾಳಿ ತಲೆಯ ಮೇಲೆ ಉಸ್ಸೆಂದಿತು. ನೀರು ಕುಡಿಯಲು ಅಡುಗೆಮನೆಯ ದೀಪ ಹಾಕಿ ಸಿಂಕಿನ ಕಡೆ ತಿರುಗಿದೆ. ಬೆನ್ನ ಹಿಂದೆ ಟಕ್ ಎಂದಿತು. ದೀಪ ಆರಿತ್ತು. ಸ್ವಿಚ್ಚು ಆಫ್ ಆಗಿತ್ತು. ಆಂಟಿ ಕೂತಲ್ಲೇ ಇದ್ದರು, ಗೋಡೆಗೆ ಹತ್ತು ಹೆಜ್ಜೆ ದೂರ. ಮರುಕ್ಷಣ ತಲೆಯ ಮೇಲಿನ ಗಾಳಿಯೂ ನಿಂತಿತು. ನಡುಮನೆಗೆ ಹೋಗಿ ನೋಡಿದರೆ ಥರ್ಮೋಸ್ಟ್ಯಾಟಿನ ಗುಂಡಿ ಮೆಲ್ಲಗೆ, ಬಹಳ ಜೋಪಾನವಾಗಿ, ಕೊನೆಯ ಗೆರೆಗೆ ಬಂದು ನಿಲ್ಲುತ್ತಿತ್ತು. ಆ ಜೋಪಾನ ನನಗೆ ಗೊತ್ತಿತ್ತು. ಟೈಲ್ಸ್ ಕೆಳಗಿಡುವ ಕೈಯ ಜೋಪಾನ.

ಆಂಟಿಯ ಎದುರು ಕೂತೆ.

"ನಿಮಗೆ ಗೊತ್ತಿತ್ತು."

"ಡ್ರೈಯರ್ ತಿರಗೂದು ಮೊದಲನೇ ತಿಂಗಳಾಗನ ಕೇಳಿಸಿತ್ತು," ಅಂದರು. "ತೆಗದು ನೋಡಿದ್ನಿ. ಒಳಗ ಏನೂ ಇಲ್ಲ, ಬಿಸಿ ಅಷ್ಟ. ಬಂದ್ ಮಾಡಲಿಲ್ಲ. ಅದರ ಮುಂದ ಖುರ್ಚಿ ಹಾಕ್ಕೊಂಡು ಕುಂತು ಹೂ ಕಟ್ಟಿದ್ನಿ. ನಿನಗ ಯಾಕ ಸುಳ್ಳ ಹೇಳಿದ್ನಿ ಅಂದ್ರ, ನೀ ಯಾರರೆ ಮೆಕಾನಿಕ್‌ನ ಕಳಸತಿದ್ದಿ."

ಅಂಕಲ್‌ಗೆ ನಾನು ಪ್ಲಾನ್ ಬದಲಿಸಿದ್ದೂ ತಿಳಿದಿತ್ತು, ಹೊಸ ಪ್ಲಾನಿನ ಲೆಕ್ಕವೂ ತಿಳಿದಿತ್ತು. ಹಳೆಯದರಲ್ಲಿ ಉರಿಸಿದರೆ ಲಾಭ, ಉರಿಸಿದರು. ಹೊಸದರಲ್ಲಿ ಆರಿಸಿದರೆ ಲಾಭ, ಆರಿಸುತ್ತಿದ್ದರು. ಹಳೆಯ ಪ್ಲಾನಿಗೇ ಮರಳೋಣವೆಂದರೆ ಆ ಕಂಪನಿ ಅದನ್ನು ಮಾರುವುದು ನಿಲ್ಲಿಸಿತ್ತು. ರಾತ್ರಿ ಕರೆಂಟು ಪುಕ್ಕಟೆ ಅನ್ನುವ ಪ್ಲಾನ್ ಕೊಟ್ಟರೆ ಹಗಲೆಲ್ಲ ಮನೆ ಕತ್ತಲು. ಕಾರಿನಿಂದ ಲ್ಯಾಪ್‌ಟಾಪ್ ತಂದು, ಬೆವರಿನ ಹನಿಗಳನ್ನು ಕೀಲಿಗಳ ಮೇಲಿಂದ ಒರೆಸುತ್ತ, ನನ್ನ ಪಟ್ಟಿಯನ್ನು ಮೊದಲ ಬಾರಿಗೆ ತಲೆಕೆಳಗಾಗಿ ಓದಿದೆ. ಕಟ್ಟಕಡೆಯಲ್ಲಿ, ನಾನು ಯಾರಿಗೂ ಕೊಡಿಸದ ಒಂದು ಇತ್ತು. ಎಲ್ಲಕ್ಕಿಂತ ದುಬಾರಿ.

"ಆಂಟಿ, ಇದರಲ್ಲಿ ತಿಂಗಳಿಗೆ ಇಷ್ಟು ಅಂತ ಕಟ್ಟೋದು. ಹತ್ತು ಯೂನಿಟ್ ಉರಿಸಿ, ಎರಡು ಸಾವಿರ ಉರಿಸಿ, ದುಡ್ಡು ಅಷ್ಟೇ."

"ಉಳಸಾಕ ಬರಂಗಿಲ್ಲ?"

"ಏನು ಮಾಡಿದ್ರೂ ಬರಲ್ಲ."

ಬೀಸಣಿಗೆ ನಿಂತಿತು. ಅವರಿಗೆ ಅರ್ಥವಾಗಿತ್ತು. ಬಹುಶಃ ನನಗಿಂತ ಮೊದಲೇ.

"ಹಂಗಂದ್ರ ಅವರಿಗೆ ಈ ಮನ್ಯಾಗ ಏನ ಕೆಲಸ ಉಳೀತೈತಿ?"

ನಾನು ಲ್ಯಾಪ್‌ಟಾಪಿನ ಪರದೆಯನ್ನು ಅವರ ಕಡೆ ತಿರುಗಿಸಿದೆ.

"ಮೂವತ್ತನಾಕು ವರ್ಷ ಬೈದೀನಪಾ, ಬುಕ್ಕ ಓದೂ ಹೊತ್ತಿನಾಗ ಲೈಟ್ ಆರಸತೀರಿ ಅಂತ. ಈಗ ಟಕ್ ಅಂದ್ರ ಸಾಕು, ಜೀವಾ ತಣ್ಣಗ ಆಗತೈತಿ."

"ತಣ್ಣಗಾಗ್ತಿಲ್ಲ ಆಂಟಿ, ಬೇಯ್ತಿದೀರಿ. ವೈಷ್ಣವಿಗೆ ಅಪ್ಪನೂ ಇಲ್ಲ, ಇನ್ನು—"

"ಗೊತ್ತೈತಿ." ಮಣಿಕಟ್ಟಿನ ಪಟ್ಟಿಯನ್ನು ಹೊರಳಿಸುತ್ತ ಕೂತರು. ಆಮೇಲೆ ನನಗಲ್ಲ, ಮೇಜಿಗೆ ಹೇಳುವ ಹಾಗೆ ಹೇಳಿದರು. "ನಾ ಬಿದ್ದ ದಿನ, ಇಲ್ಲೇ, ನೆಲದ ಮ್ಯಾಲ ಎರಡು ತಾಸು ಇದ್ನಿ. ಹಚ್ಚರೀ, ಒಂದೀಟು ಗಾಳಿ ಹಚ್ಚರೀ ಅಂದ್ನಿ. ಹಚ್ಚಲಿಲ್ಲ. ಅವರಿಗೆ ಮೀಟರ್ ಅಷ್ಟ ಕಾಣತೈತಿ, ದುಷ್ಯಂತಾ. ನಾ ಕಾಣಂಗಿಲ್ಲ."

ಪಕ್ಕದ ಕೋಣೆಯಲ್ಲಿ ಯಾವುದೋ ಸ್ವಿಚ್ಚು ಟಕ್ ಎಂದಿತು. ಅವರು ಆ ಕಡೆ ನೋಡಲಿಲ್ಲ.

"ಹಚ್ಚು ಫೋನ್."

ಮೇಯಲ್ಲಿ ಮಾಡಿದ ಹಾಗೆ ಅವರ ದನಿಗೆ ಗಂಟಲು ಸರಿಮಾಡಿಕೊಂಡೆ. ಅವರು ಕೈ ಅಡ್ಡ ಹಿಡಿದರು. "ನೀ ಬ್ಯಾಡ. ಇದನ್ನ ನಾನ ಹೇಳಬೇಕು."

ಫೋನನ್ನು ಸ್ಪೀಕರಿಗೆ ಹಾಕಿ ಮೇಜಿನ ನಡುವೆ ಇಟ್ಟೆ. ಆ ಕಡೆ ಒಬ್ಬ ಹುಡುಗಿ, ಬಿಸಿಲು ಗೊತ್ತಿಲ್ಲದ ದನಿ. ಹೆಸರು ಕೇಳಿದಳು, ವಿಳಾಸ ಕೇಳಿದಳು. ಮೇ ತಿಂಗಳ ಕರಾರು ಮುರಿದದ್ದಕ್ಕೆ ನೂರೈವತ್ತು ಡಾಲರ್ ದಂಡ ಬೀಳುತ್ತದೆ, ಒಪ್ಪಿಗೆಯೇ ಎಂದಳು. ಆಂಟಿ ತಡವರಿಸುತ್ತ, ಒಂದೊಂದೇ ಇಂಗ್ಲಿಷ್ ಪದವನ್ನು ಹೊಸ್ತಿಲು ದಾಟಿಸುವ ಹಾಗೆ ದಾಟಿಸುತ್ತ, ಎಲ್ಲದಕ್ಕೂ ತಾವೇ ಉತ್ತರ ಕೊಟ್ಟರು. ನಾನು ತುಟಿಯ ಮೇಲೆ ಬೆರಳಿಟ್ಟುಕೊಂಡು ಕೂತಿದ್ದೆ.

"ಕೊನೆಯ ಪ್ರಶ್ನೆ ಮ್ಯಾಮ್," ಅಂದಳು ಹುಡುಗಿ. "ಈ ಪ್ಲಾನಿಗೆ ಇದನ್ನು ದಾಖಲು ಮಾಡಲೇಬೇಕು. ಮನೆಯಲ್ಲಿ ಎಷ್ಟು ಜನ ವಾಸವಾಗಿದ್ದೀರಿ?"

ಆಂಟಿ ಕಣ್ಣು ಮುಚ್ಚಿದರು. ಬೆವರೋ ಏನೋ, ಗಲ್ಲದಿಂದ ಮೇಜಿನ ಮೇಲೆ ಒಂದು ಹನಿ ಬಿತ್ತು. ಮನೆಯೊಳಗೆ ಯಾವ ಸದ್ದೂ ಇರಲಿಲ್ಲ, ಫ್ರಿಜ್ಜು ಕೂಡ ಉಸಿರು ಹಿಡಿದಿತ್ತು.

"ಒನ್," ಅಂದರು.

ಆ ಕಡೆ ಕೀಲಿಮಣೆಯ ಸದ್ದು ನಿಂತಿತು.

"ಕ್ಷಮಿಸಿ ಮ್ಯಾಮ್. ರೆಕಾರ್ಡಿಂಗಿನಲ್ಲಿ ಇಬ್ಬರು ಒಟ್ಟಿಗೆ ಮಾತಾಡಿದರೆ ನಡೆಯುವುದಿಲ್ಲ. ಆ ಗಂಡಸರು ಸ್ವಲ್ಪ ಸುಮ್ಮನಿದ್ದು, ನೀವೊಬ್ಬರೇ ಹೇಳಬೇಕು."

ನನ್ನ ಬೆರಳು ತುಟಿಯ ಮೇಲೆಯೇ ಇತ್ತು. ಆಂಟಿ ಕಣ್ಣು ತೆರೆದು ನನ್ನನ್ನು ನೋಡಿದರು, ಆಮೇಲೆ ನನ್ನ ಪಕ್ಕದ ಖಾಲಿ ಕುರ್ಚಿಯನ್ನು ನೋಡಿದರು. ನಡುಮನೆಯಲ್ಲಿ ಎ.ಸಿ. ತಾನಾಗಿ ಹತ್ತಿಕೊಂಡಿತು.

"ಒನ್," ಅಂದರು ಇನ್ನೊಮ್ಮೆ, ಒಬ್ಬರೇ.