ಅದಕ್ಕೆ ತಿಳಿಯುವ ಹಾಗೆ ಕೇಳು

"ಜೀವಮಾನವೆಲ್ಲ ಸತ್ತ ಡಬ್ಬಗಳ ಜೊತೆ ಮಾತಾಡಿದ್ಲು ನಿಮ್ಮಮ್ಮ. ಈಗ ಹೆಣದ ಪೆಟ್ಟಿಗೆ ಮುಂದೆ ಇಡೋಕೆ ತನ್ನದೇ ಒಂದು ಮುಖ ಉಳಿಸ್ಲಿಲ್ಲ," ಎಂದು ಸೋದರಮಾವ ಇನ್ನೊಂದು ಡ್ರಾಯರನ್ನೂ ನೆಲಕ್ಕೆ ಸುರಿದ.

ನಡುಮನೆಯಲ್ಲಿ ನೆರೆದಿದ್ದವರೆಲ್ಲ ಸತ್ತವಳ ಮಗನತ್ತ ನೋಡಿದರು. ಮನೆಮಂದಿ ಅವನನ್ನು ಕರೆಯುತ್ತಿದ್ದುದೇ ಬೆಂಕಿ ಎಂದು. ಇದರ ಅರ್ಧ ಮಾತಿಗೆ ಅವನು ಹಿಂದೊಮ್ಮೆ ಕಿಟಕಿಯ ಗಾಜು ಒಡೆದಿದ್ದ. ಈಗಲೂ ಮುಷ್ಟಿ ಬಿಗಿಯಿತು.

ಡ್ರಾಯರಿನಿಂದ ಬಿದ್ದ ಫೋಟೋಗಳಲ್ಲೆಲ್ಲ ಅಮ್ಮನ ಅಂಗೈಯೇ. ಕ್ಯಾಮೆರಾ ಕಂಡರೆ ಸಾಕು, ಮುಖಕ್ಕೆ ಅಡ್ಡ ಹಿಡಿಯುತ್ತಿದ್ದಳು.

"ನಿಮ್ಮ ಮದುವೇದು ಇರಬೇಕಲ್ಲ?" ಎಂದ ಮಗ.

"ಇದೆ, ಇದರೊಳಗೆ." ಮಾವ ಚೀಲದಿಂದ ಹಳೆಯ ಹಾರ್ಡ್ ಡಿಸ್ಕೊಂದನ್ನು ತೆಗೆದ. "ಹಾಕಿದ ಕಂಪ್ಯೂಟರೆಲ್ಲ ಕಲ್ಲಾಗಿ ನಿಂತ್ಬಿಡುತ್ತೆ. ನಿಮ್ಮಮ್ಮನಿಗೆ ಕೊಟ್ಟೆ. ತಿಂಗಳುಗಟ್ಟಲೆ ಇಟ್ಕೊಂಡು, 'ಹೊಸ ಆವೃತ್ತಿ ಬರ್ಲಿ, ತಾನೇ ತೆರ್ಕೊಳ್ಳುತ್ತೆ' ಅಂತ ವಾಪಸ್ ಕೊಟ್ಲು. ದೊಡ್ಡ ಇಂಜಿನಿಯರಮ್ಮ."

*

ಕಂಪ್ಯೂಟರಿಗೂ ಡಿಸ್ಕಿಗೂ ನಡುವೆ ನಿಂತು ಮಾತಾಡಿಸುವ ಪ್ರೋಗ್ರಾಮು ಡ್ರೈವರ್. ಅದನ್ನು ಬರೆಯುವುದೇ ಅಮ್ಮನ ಕೆಲಸವಾಗಿತ್ತು. ಮಾವನ ಬಳಿಯಿದ್ದ ಮಾದರಿಯ ಡಿಸ್ಕು ಮಹಾ ಜಂಬದ್ದು. ಹೊಸ ಕಮಾಂಡು ಗೊತ್ತಾ ಎಂದರೆ ಗೊತ್ತು ಎನ್ನುತ್ತಿತ್ತು. ಕಳಿಸಿದರೆ ಉಸಿರೆತ್ತುತ್ತಿರಲಿಲ್ಲ.

"ಅಂಥವು ಎಷ್ಟಿದಾವೆ ಮೇಡಂ? ಬಿಟ್ಟಾಕಿ," ಎಂದ ಮ್ಯಾನೇಜರ್, ಮೀಟಿಂಗಿನಲ್ಲಿ.

"ನಿಮ್ಮಜ್ಜನಿಗೆ ಕಿವಿ ಕೇಳುತ್ತಾ ಸಾರ್?"

"ಮಂದ. ಕೇಳುತ್ತೆ ಅಂತಾನೆ, ಕೇಳಲ್ಲ."

"ಬಿಟ್ಟಾಕಿದೀರಾ?"

ಎಲ್ಲರೂ ನಕ್ಕರು. ಮ್ಯಾನೇಜರ್ ನಗಲಿಲ್ಲ. ಬಿಟ್ಟಾಕುವುದು ಸುಲಭ, ಬಿಟ್ಟಾಕುವವರಿಗೆ ಸಂಬಳವೂ ಜಾಸ್ತಿ. ಅವಳು ಹಟ ಬಿಡದೆ ಡ್ರೈವರನ್ನು ತಿದ್ದಿದಳು: ಮೊದಲು ಡಿಸ್ಕಿನ ಹೆಸರು ಕೇಳಬೇಕು. ಇದೇ ಮಾದರಿಯಾದರೆ ಹೊಸ ಕಮಾಂಡಿನ ಗೊಡವೆ ಬೇಡ, ಹಳೆಯದರಲ್ಲೇ ಮಾತಾಡಬೇಕು.

"ಅದಕ್ಕೆ ತಿಳಿಯೋ ಹಾಗೆ ಕೇಳು, ಕೊಡುತ್ತೆ," ಎನ್ನುತ್ತಿದ್ದಳು ಪಕ್ಕದ ಮೇಜಿನ ಹುಡುಗಿಗೆ.

*

ಸಾವಿನ ಮನೆಗೆ ಬಂದಿದ್ದ ಆ ಹುಡುಗಿಯೇ ಈಗ ಲ್ಯಾಪ್‌ಟಾಪ್ ತೆರೆದಳು. "ಹೋದ ವಾರ ಬಂದ ಡ್ರೈವರ್ ಆವೃತ್ತಿ ಇದು. ಕೊನೇ ತಿದ್ದುಪಡಿ ಮೇಡಂ ಆಸ್ಪತ್ರೆಯಿಂದಲೇ ಕಳಿಸಿದ್ರು."

ಮಗ ಡಿಸ್ಕು ಜೋಡಿಸಿದ. ಗರ್ ಎಂದು ತಿರುಗಿತು. ಸುಮ್ಮನಾಯಿತು.

"ನಿಂತ್ಕೊಳ್ತು. ನಾನು ಹೇಳ್ಲಿಲ್ವ?" ಎಂದ ಮಾವ.

ಹಸಿರು ದೀಪ ಮಿನುಗಿತು. ಮತ್ತೆ ಮಿನುಗಿತು. ಪರದೆಯ ತುಂಬ ಮದುವೆ ತೆರೆದುಕೊಂಡಿತು.

ಸಾಲು ಸಾಲಾಗಿ ನೆಂಟರು. ಅವರ ನಡುವೆ ಅಮ್ಮ, ಎರಡೂ ಕೈಯಲ್ಲಿ ಒಂದೊಂದು ಕುರ್ಚಿ ಹಿಡಿದು, ಮುಖ ಮುಚ್ಚಿಕೊಳ್ಳಲು ಕೈಯೇ ಇಲ್ಲದೆ ಸಿಕ್ಕಿಬಿದ್ದು ಬಾಯ್ತುಂಬ ನಗುತ್ತಿದ್ದಳು. ನಡುಮನೆಯ ಹಿಂದಿನ ಸಾಲಿನಲ್ಲಿ ಅಳುತ್ತಿದ್ದ ಯಾರೋ ಕಿಸಕ್ಕನೆ ನಕ್ಕರು.

ಮೂಲೆಯ ಪ್ರಿಂಟರಿನಿಂದ ಆ ಫೋಟೋದ ಹಾಳೆ ಹೊರಬಂತು. ಮಾವ ಅದನ್ನೇ ನೋಡುತ್ತ ಕೂತುಬಿಟ್ಟ.

"ಇದಕ್ಕೇನೋ ಅಷ್ಟು ದಿನ ಇಟ್ಕೊಂಡಿದ್ಲು? ನನ್ನ ಡಬ್ಬಕ್ಕೇನಾ ಆಸ್ಪತ್ರೇಲೂ ಕೂತು ಬರೆದದ್ದು? ಹೇಳೋ, ಬೆಂಕಿ."

ಇಂಕು ಇನ್ನೂ ಹಸಿ. ಮಗ ಹಾಳೆಯ ಎರಡೂ ಅಂಚುಗಳನ್ನು ಎರಡೂ ಕೈಯಲ್ಲಿ ಹಿಡಿದು, ಅವಳ ನಗುವನ್ನು ಹೊರಮುಖವಾಗಿಸಿ, ಜನ ಬಿಟ್ಟುಕೊಟ್ಟ ದಾರಿಯಲ್ಲಿ ಪೆಟ್ಟಿಗೆಯತ್ತ ನಡೆದ.