ಎರಡು ಬಕೆಟ್ ಬೇಕಿತ್ತು

ತೊಟ್ಟಿಯಲ್ಲಿ ಈಜಿ ಮೇಲೆ ಬಂದ ಮಕ್ಕಳ ಕಣ್ಣು ಕೆಂಪಾಗಿದ್ದರೆ ನಾವು ಏನು ಮಾಡುತ್ತೇವೆ? ಅಷ್ಟು ಹೊತ್ತು ನೀರಲ್ಲಿ ಯಾಕೆ ಬಿದ್ದಿದ್ದೆ ಎಂದು ಬೈದು ತಲೆ ಒರೆಸುತ್ತೇವೆ. ನೀರನ್ನು ಯಾರೂ ಬೈಯುವುದಿಲ್ಲ.

ನಾನು ಸುಶೀಲ. ನಮ್ಮ ಪಕ್ಕದ ತೋಟ ನಂಜಪ್ಪನ್ ಅಣ್ಣನದು, ತಿರುಪ್ಪೂರಿನ ಹತ್ತಿರದ ಅವಿನಾಶಿಯಿಂದ ಸ್ವಲ್ಪ ಒಳಗೆ. ನಮ್ಮ ಮನೆಮಾತು ತಮಿಳು ಬೆರೆತ ಕನ್ನಡ. ತೆಂಗಿಗೆ ನೀರು ಬಿಡಲು ಕಟ್ಟಿದ್ದ ತೊಟ್ಟಿಗೆ ಅವರು ನೀಲಿ ಟೈಲ್ಸ್ ಹಾಕಿಸಿದರು. ರಜೆ ದಿನ ತಿರುಪ್ಪೂರಿನ ಬನಿಯನ್ ಕಂಪನಿಯವರು ಮಕ್ಕಳನ್ನು ಕಟ್ಟಿಕೊಂಡು ಬಂದು ಈಜಿ ಹೋಗುತ್ತಿದ್ದರು.

ನಂಜಪ್ಪನ್ ಅಣ್ಣ, ಅವರ ಹೆಂಡತಿ ರಾಜಾಮಣಿ ಅಕ್ಕ, ಇಬ್ಬರೂ ಪ್ರಾಯದಲ್ಲಿ ತಿರುಪ್ಪೂರಿನ ಬ್ಲೀಚಿಂಗ್ ಪಟ್ಟರೆಯಲ್ಲಿ ದುಡಿದವರು. ಬಟ್ಟೆಯನ್ನು ಬಿಳಿ ಮಾಡುವ ಜಾಗ ಅದು. ಅಣ್ಣ ಅಲ್ಲಿಂದ ಮೀಸೆ ತಿರುವುವ ಜಂಬ ತಂದರು. ಅಕ್ಕ ತಂದದ್ದು ಉಬ್ಬಸ. ನಾಲ್ಕು ಹೆಜ್ಜೆ ಜೋರಾಗಿ ನಡೆದರೆ ಸಾಕು, ಕಂಬ ಹಿಡಿದು ನಿಲ್ಲುತ್ತಿದ್ದಳು.

ಅಣ್ಣನ ತಂಗಿಯ ಮಗಳು ಇಂದುಜಾ ಸಿಂಗಾನಲ್ಲೂರಿನಲ್ಲಿದ್ದಾಳೆ, ನೀರು ಪರೀಕ್ಷೆ ಮಾಡುವ ಲ್ಯಾಬಿನಲ್ಲಿ ಕೆಲಸ. ಒಂದು ದಿನ ಬಂದವಳು ಮಕ್ಕಳ ಕಣ್ಣು ನೋಡಿ, ಚೀಲದಿಂದ ಒಂದು ಕಾಗದದ ಪಟ್ಟಿ ತೆಗೆದು ತೊಟ್ಟಿಯಲ್ಲಿ ಅದ್ದಿದಳು. ಬಣ್ಣ ಬದಲಾಯಿತು.

"ಮಾವ, ಪಿಎಚ್ ಎಂಟೂವರೆ ಇದೆ. ಏಳೂವರೆ ಹತ್ರ ಇರ್ಬೇಕು. ನಮ್ ಬೋರ್ ನೀರೇ ಹಂಗೆ, ಮೇಲೆ ಬ್ಲೀಚಿಂಗ್ ಪೌಡರ್ ಬೇರೆ ಏರಿಸುತ್ತೆ. ಅದಕ್ಕೇ ಕಣ್ಣು ಉರಿಯೋದು. ಟೈಲ್ಸ್ ಮೇಲೆ ಬಿಳಿ ಕಟ್ಟೋದೂ ಅದಕ್ಕೇ. ನೀವು ಹಾಕೋ ಪೌಡರೂ ಸರಿಯಾಗಿ ವೇಲೆ ಮಾಡಲ್ಲ, ಕ್ರಿಮಿ ಸಾಯಲ್ಲ."

"ಅದು ನಂಗೆ ತೆರಿಯಾದಾ, ಗೊತ್ತಿಲ್ವಾ ಅಮ್ಮಿಣಿ? ಅದಕ್ಕೆ ತಾನೆ ಬಾತ್‌ರೂಮ್ ಆಸಿಡ್ ಹಾಕ್ತೀನಿ." ಅಮ್ಮಿಣಿ ಎಂದರೆ ಅಣ್ಣನ ಬಾಯಲ್ಲಿ ಮಗಳೇ ಎಂದ ಹಾಗೆ.

"ಹೆಂಗೆ ಹಾಕ್ತೀರಾ?"

ಅಣ್ಣ ಮೋಟಾರ್ ರೂಮು ತೋರಿಸಿದರು. ಗಾಳಿಗೆ ಹಾರಬಾರದೆಂದು ಬಾಗಿಲು ಮುಚ್ಚಿಕೊಂಡು ಪೌಡರ್ ಕಲಸುವುದು, ತೊಟ್ಟಿಗೆ ಸುರಿಯುವುದು, ಆಮೇಲೆ ಅದೇ ಬಕೆಟ್ಟಿಗೆ ಆಸಿಡ್. ಇಂದುಜಾ ರೂಮಿನ ಬಾಗಿಲನ್ನು ಅಗಲವಾಗಿ ತೆರೆದಳು.

"ಮಾವ, ಪೌಡರೂ ಆಸಿಡೂ ಸೇರಿದ್ರೆ ವಿಷದ ಗಾಳಿ ಏಳುತ್ತೆ. ಉಸಿರು ಹೋಗುತ್ತೆ. ಆಸಿಡ್‌ಗೆ ಒಂದು ಕೆಂಪು ಬಕೆಟ್, ಪೌಡರ್‌ಗೆ ಒಂದು ಬಿಳಿ ಬಕೆಟ್ ಇಡಿ. ಎರಡನ್ನೂ ಬೇರೆ ಬೇರೆ ಕಡೆ ಇಡಿ. ಅತ್ತೆಗೆ ಮೊದಲೇ ಉಬ್ಬಸ ಇದೆ."

"ಪಟ್ಟರೆಯಲ್ಲಿ ಒಂದೇ ತೊಟ್ಟಿ ತಾನೆ? ಪೌಡರ್ ನೀರು ಹೊರಗೆ ಬಿಟ್ಟು ಅದಕ್ಕೇ ಆಸಿಡ್ ತುಂಬ್ತಾ ಇದ್ವಿ. ಇಷ್ಟು ವರ್ಷ ಏನಾಯ್ತು ಹೇಳು."

ಬಾಗಿಲ ಬಳಿ ಸೊಪ್ಪು ಬಿಡಿಸುತ್ತಿದ್ದ ರಾಜಾಮಣಿ ಅಕ್ಕ ತಲೆ ಎತ್ತದೆ ಹೇಳಿದಳು. "ನಡುವೆ ತೊಟ್ಟಿ ತೊಳೀತಾ ಇದ್ದದ್ದು ನಾನು. ಇಲ್ಲೂ ಬಕೆಟ್ ತೊಳೆದು ಕವುಚಿ ಇಡೋದು ನಾನೇ."

"ಅದೊಂದು ದೊಡ್ಡ ವೇಲೆ" ಎಂದು ಅಣ್ಣ ನಕ್ಕರು, ಅದೂ ಒಂದು ಕೆಲಸವಾ ಎನ್ನುವ ಹಾಗೆ.

ಆ ನಗುವಿಗೆ ನನಗೆ ಈಗಲೂ ಮೈ ಉರಿಯುತ್ತದೆ.

ಇಂದುಜಾ ಬಿಡಲಿಲ್ಲ. ಬಯಲಲ್ಲಿ, ಗಾಳಿಗೆ ಬೆನ್ನು ಕೊಟ್ಟು ನಿಲ್ಲಬೇಕು. ಕೈಗೆ ಗ್ಲೌಸು, ಕಣ್ಣಿಗೆ ಕನ್ನಡಕ. ಬಕೆಟ್ಟಿನಲ್ಲಿ ಮೊದಲು ನೀರು, ನೀರಿನ ಮೇಲೆ ಕೊಂಚ ಆಸಿಡ್, ಎಂದಿಗೂ ಆಸಿಡ್ ಮೇಲೆ ನೀರು ಬೇಡ. ಮೋಟಾರ್ ಓಡುತ್ತಿರಲಿ, ತೊಟ್ಟಿಯಲ್ಲಿ ಯಾರೂ ಇರಬಾರದು. ನೀರು ತಿರುಗಿ ಬೆರೆತ ಮೇಲೆ ಪಟ್ಟಿ ಅದ್ದಿ ನೋಡಿ, ಬೇಕಿದ್ದರೆ ಇನ್ನು ಕೊಂಚ. ಪಿಎಚ್ ತೀರಾ ಇಳಿದರೆ ವಾಷಿಂಗ್ ಸೋಡಾ ಕರಗಿಸಿ ಹಾಕಿದರೆ ಏರುತ್ತದೆ. ಬ್ಲೀಚಿಂಗ್ ಪೌಡರ್ ಬೇರೆ ಹೊತ್ತಿನಲ್ಲಿ, ಬೇರೆ ಬಕೆಟ್ಟಿನಲ್ಲಿ. ಇಷ್ಟನ್ನೂ ಹೇಳಿ ಪಟ್ಟಿಗಳ ಡಬ್ಬಿ ಕೊಟ್ಟು ಹೋದಳು.

ಅಣ್ಣ ಅದರಲ್ಲಿ ಸುಲಭವಾದದ್ದನ್ನು ಮಾತ್ರ ಕೇಳಿದರು. ದಿನಾ ಪಟ್ಟಿ ಅದ್ದಿ ಬಣ್ಣ ನೋಡುವುದು ಅವರಿಗೆ ಇಷ್ಟವಾಯಿತು. ಬಕೆಟ್ ಮಾತ್ರ ಒಂದೇ ಉಳಿಯಿತು. ಸಂತೆಗೆ ಹೋದಾಗ ತರೋಣ ಎಂದರು. ಸಂತೆಗೂ ಹೋಗಿ ಬಂದರು.

ಆ ಶನಿವಾರ ಅಕ್ಕನಿಗೆ ಉಬ್ಬಸ ಜಾಸ್ತಿಯಾಗಿ, ಬೆಳಿಗ್ಗೆಯೇ ನಾನು ಅವಳನ್ನು ಬಸ್ಸಿನಲ್ಲಿ ಆಸ್ಪತ್ರೆಗೆ ಕರೆದುಕೊಂಡು ಹೋದೆ. ಮಧ್ಯಾಹ್ನಕ್ಕೆ ಈಜುವವರು ಬರುವವರಿದ್ದರು. ಅಣ್ಣ ಎಂದಿನಂತೆ ಪೌಡರ್ ಕಲಸಿ ತಿಳಿಯನ್ನು ತೊಟ್ಟಿಗೆ ಸುರಿದರು. ಪಟ್ಟಿ ಅದ್ದಿದರು, ಪಿಎಚ್ ಮೇಲಿತ್ತು. ಮೋಟಾರ್ ರೂಮಿಗೆ ಬಂದು ಅದೇ ಬಕೆಟ್ಟಿಗೆ ಆಸಿಡ್ ಬಗ್ಗಿಸಿದರು. ತಳದಲ್ಲಿ ಪೌಡರಿನ ಗಸಿ ಹಾಗೇ ಇತ್ತು. ತೊಳೆಯುವವಳು ಮನೆಯಲ್ಲಿ ಇರಲಿಲ್ಲ.

ನಾವು ಬಸ್ಸಿಳಿದು ತೋಟದೊಳಗೆ ಬರುವಾಗಲೇ ಮೂಗು ಸುಡುವ ವಾಸನೆ. ರೂಮಿನ ಬಾಗಿಲು ಅರ್ಧ ತೆರೆದಿತ್ತು. ಒಳಗೆ ನೆಲದ ಮೇಲೆ ಅಣ್ಣನ ಕಾಲು ಕಾಣುತ್ತಿತ್ತು.

"ಅಕ್ಕ, ಒಳಗೆ ಪೋಗ್ಬೇಡ. ನೂರೆಂಟಕ್ಕೆ ಫೋನ್ ಮಾಡ್ತೀನಿ, ನಿಲ್ಲು" ಎಂದು ಕೈ ಹಿಡಿದೆ.

"ಬಿಡು ಸುಶೀಲ, ಅವ್ರು ಒಳಗಿದಾರೆ."

ಕೈ ಕೊಸರಿಕೊಂಡು ಹೋದಳು. ನಾಲ್ಕು ಹೆಜ್ಜೆಗೆ ಕಂಬ ಹಿಡಿಯುತ್ತಿದ್ದವಳು ಗಂಡನನ್ನು ಹೊಸಿಲಿನವರೆಗೆ ಎಳೆದು ತಂದಳು. ಅಲ್ಲಿಂದ ನಾನು ಅವರಿಬ್ಬರನ್ನೂ ಬಯಲಿಗೆ ಎಳೆದೆ. ಅಣ್ಣ ಕೆಮ್ಮುತ್ತಾ ಕಣ್ಣು ಬಿಟ್ಟರು. ಅಕ್ಕನ ಎದೆ ಮೊದಲೇ ಸೋತಿತ್ತು. ಆಸ್ಪತ್ರೆಯಲ್ಲಿ ವಾರ ಕಳೆಯುವ ಮೊದಲೇ ತೀರಿಕೊಂಡಳು.

ಕಾರ್ಯ ಮುಗಿದ ದಿನ ಇಂದುಜಾ ಒಂದು ಕೆಂಪು ಬಕೆಟ್, ಒಂದು ಬಿಳಿ ಬಕೆಟ್ ತಂದಳು. ಬೈಯಲಿಲ್ಲ. ಅಣ್ಣ ಎರಡನ್ನೂ ಮುಂದಿಟ್ಟುಕೊಂಡು ಕುಳಿತರು.

"ಪಟ್ಟರೆಯಲ್ಲಿ ನನ್ ಕೈಗೆ ಏನೂ ಆಗ್ಲಿಲ್ಲ ಅಂತ ಹೇಳ್ತಾ ಇದ್ದೆ. ಕಾಪಾಡಿದ್ದು ನನ್ ಕೈ ಅಲ್ಲ ಅಮ್ಮಿಣಿ. ತೊಳೀತಾ ಇದ್ದ ಅವಳ್ ಕೈ" ಎಂದರು. ಆಮೇಲೆ ಅತ್ತರು.

ಈಗ ಆಸಿಡ್ ದನದ ಕೊಟ್ಟಿಗೆಯ ಆಚೆ ಬೀಗದೊಳಗಿದೆ, ಪೌಡರ್ ಈಚೆ ಒಣ ಜಾಗದಲ್ಲಿದೆ. ಮೋಟಾರ್ ರೂಮಿನಲ್ಲಿ ಏನನ್ನೂ ಕಲಸುವುದಿಲ್ಲ. ತೊಟ್ಟಿ ಇರುವ ತೋಟಗಳಿಗೆ ಅಣ್ಣನೇ ಹೋಗಿ ಹೇಳಿ ಬರುತ್ತಾರೆ. ಮಾತಿನ ನಡುವೆ ಕೆಮ್ಮು ಬರುತ್ತದೆ, ನಿಲ್ಲಿಸಿ ಮತ್ತೆ ಹೇಳುತ್ತಾರೆ.

ಇದನ್ನು ಓದುವ ಅಕ್ಕ ತಂಗಿಯರೇ, ಅಣ್ಣ ತಮ್ಮಂದಿರೇ, ಕನ್ನಡ ಓದಲು ಬಾರದವರಿಗೆ ಓದಿ ಹೇಳಿ. ಈಜುವ ತೊಟ್ಟಿಯೇ ಬೇಕೆಂದಿಲ್ಲ, ಬಚ್ಚಲು ತೊಳೆಯುವಾಗಲೂ ಬ್ಲೀಚಿಂಗ್ ಪೌಡರನ್ನೂ ಆಸಿಡನ್ನೂ ಸೇರಿಸಬೇಡಿ. ವಿಷದ ಗಾಳಿ ಎದ್ದರೆ ಹೊರಗೆ ಓಡಿ, ಒಳಗೆ ಯಾರಿದ್ದರೂ ನುಗ್ಗಬೇಡಿ, ನೂರೆಂಟಕ್ಕೆ ಫೋನ್ ಮಾಡಿ. ಇಷ್ಟು ವರ್ಷ ನನಗೇನೂ ಆಗಿಲ್ಲ ಎನ್ನುವವರು ನಿಮ್ಮಲ್ಲಿದ್ದರೆ, ಬಕೆಟ್ ತೊಳೆಯುವವರು ಯಾರು ಎಂದು ಒಂದು ಸಲ ತಿರುಗಿ ನೋಡಿ. ಅವರು ಇರುವಾಗಲೇ ಎರಡನೇ ಬಕೆಟ್ ತನ್ನಿ.